ಬಂದ ಉತ್ತರ, ಬರಬೇಕಾದ ಉತ್ತರ

ಸರಿಯಾದ ಉತ್ತರಕ್ಕಾಗಿ ಹೇಳಿದ ಸುಳ್ಳು ಸುಳ್ಳಾಗುತ್ತದೆಯೆ? ಧರ್ಮಶಾಸ್ತ್ರದವರೂ ತತ್ತ್ವಶಾಸ್ತ್ರದವರೂ ಈ ಪ್ರಶ್ನೆಯನ್ನು ತಮ್ಮ ತಮ್ಮ ರೀತಿಯಲ್ಲಿ ಕೇಳಿಕೊಂಡಿದ್ದಾರೆ. ಆದರೆ ನಮ್ಮ ಊರಿನಲ್ಲಿ ಇದನ್ನು ವಾರಕ್ಕೊಮ್ಮೆ ತಪ್ಪದೆ ಎದುರಿಸುವವರು ಹದಿನೆಂಟು ಹತ್ತೊಂಬತ್ತು ವಯಸ್ಸಿನ ಹುಡುಗ ಹುಡುಗಿಯರು, ಬಿ.ಎಸ್‌ಸಿ. ತರಗತಿಯಲ್ಲಿ ಭೌತಶಾಸ್ತ್ರ ಓದುತ್ತಿರುವವರು. ಅವರು ಇದನ್ನು ನೀತಿಯ ಪ್ರಶ್ನೆ ಎಂದು ತಿಳಿದಿಲ್ಲ. ಪ್ರಾಕ್ಟಿಕಲ್ ಎಂದು ತಿಳಿದಿದ್ದಾರೆ.

ನಾನು ವಿಜ್ಞಾನದವನಲ್ಲ. ಜಯನಗರದ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಭೌತಶಾಸ್ತ್ರ ಗಣಿತಗಳ ನಡುವೆ ಭಾಷಾ ವಿಷಯವೆಂದು ಕನ್ನಡವನ್ನೂ ಓದಬೇಕಾಗಿ ಬಂದ ವಿದ್ಯಾರ್ಥಿಗಳು ನನ್ನ ಪಾಲಿಗೆ ಬರುತ್ತಾರೆ. ಅವರಲ್ಲಿ ಭೌತಶಾಸ್ತ್ರವನ್ನು ತಾವಾಗಿ ಬಯಸಿ ಬಂದವರು ಕೆಲವರು, ಸಿ.ಇ.ಟಿ.ಯ ಬಾಗಿಲು ತೆರೆಯದೆ ಇತ್ತ ತಿರುಗಿದವರು ಕೆಲವರು. ಎರಡು ಬಗೆಯವರಿಗೂ ನೆರೆಹೊರೆಯವರು ಕೇಳುವ ಪ್ರಶ್ನೆ ಮಾತ್ರ ಒಂದೇ: "ಯಾಕಪ್ಪ, ಇಂಜಿನಿಯರಿಂಗ್ ಸಿಗಲಿಲ್ವೆ?" ಈ ಓದಿನಿಂದ ಏನು ಸಿಗುತ್ತದೆ ಎಂಬುದರ ಲೆಕ್ಕ ಎಲ್ಲರ ಬಳಿಯೂ ಇದೆ. ಈ ಓದು ಏನನ್ನು ಕಲಿಸುತ್ತದೆ, ಏನನ್ನು ಕಲಿಸಲು ಹೋಗಿ ಸೋಲುತ್ತದೆ ಎಂದು ಕೇಳುವವರು ವಿರಳ. ಹೊರಗಿನವನಾದ್ದರಿಂದ ನಾನು ಕೇಳಬಹುದೆಂದು ತೋರುತ್ತದೆ.

ನನ್ನ ಪಾಠದ ಗಂಟೆಗೆ ಮುಂಚೆ ಕಾರಿಡಾರಿನಲ್ಲಿ ಸಾಲಾಗಿ ಕುಳಿತು ರೆಕಾರ್ಡು ಬರೆಯುವುದು ಅವರ ವಾಡಿಕೆ. ಪ್ರತಿಯೊಬ್ಬರ ಬಳಿಯೂ ಎರಡು ಪುಸ್ತಕ: ಒಂದು ರಫ್, ಇನ್ನೊಂದು ಫೇರ್. ಪ್ರಯೋಗಶಾಲೆಯಲ್ಲಿ ಕಂಡದ್ದನ್ನು ಗೀಚಿಕೊಳ್ಳುವುದು ಮೊದಲನೆಯದರಲ್ಲಿ. ಅದನ್ನು ಅಂದವಾಗಿ ಇಳಿಸಿ ಸಹಿಗೆ ಒಪ್ಪಿಸುವುದು ಎರಡನೆಯದರಲ್ಲಿ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಹೀಗೆ ಇಳಿಸುತ್ತಿದ್ದಾಗ ಕಣ್ಣು ಹಾಯಿಸಿದೆ. ಅಲ್ಲಿದ್ದ ಅಂಕಿಯೇ ಬೇರೆ, ಇಲ್ಲಿ ಮೂಡುತ್ತಿದ್ದ ಅಂಕಿಯೇ ಬೇರೆ.

"ಇದೇನಮ್ಮ, ಎರಡೂ ಒಂದೇ ಪ್ರಯೋಗವಲ್ಲವೆ?" ಎಂದೆ.

"ಹೌದು ಸಾರ್. ಬರಬೇಕಾದ್ದು ೯.೮೧. ನನಗೆ ೯.೬೮ ಬಂತು. ಸ್ವಲ್ಪ ಅಡ್ಜಸ್ಟ್ ಮಾಡ್ತಿದೀನಿ" ಎಂದಳು. ದನಿಯಲ್ಲಿ ಅಳುಕಿರಲಿಲ್ಲ. ಸೀರೆಯ ನೆರಿಗೆಯನ್ನು ಸರಿಪಡಿಸುತ್ತಿದ್ದೇನೆ ಎಂದು ಹೇಳಿದಷ್ಟೇ ಸಹಜವಾಗಿತ್ತು ಆ ಮಾತು.

ಪ್ರಯೋಗವೇನೋ ಸರಳವಾದದ್ದು, ಅದರ ಹೆಸರೇ ಸರಳ ಲೋಲಕ. ದಾರದ ತುದಿಗೆ ಒಂದು ಲೋಹದ ಗುಂಡನ್ನು ಕಟ್ಟಿ ತೂಗಬಿಡುವುದು. ಇಪ್ಪತ್ತು ಸಲ ಅತ್ತಿತ್ತ ಆಡುವುದಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಸ್ಟಾಪ್‌ವಾಚಿನಲ್ಲಿ ನೋಡುವುದು. ದಾರದ ಉದ್ದವನ್ನು ಬದಲಿಸಿ ಮತ್ತೆ ನೋಡುವುದು. ಉದ್ದವನ್ನೂ ಕಾಲವನ್ನೂ ಸೂತ್ರದಲ್ಲಿಟ್ಟರೆ ಭೂಮಿ ವಸ್ತುಗಳನ್ನು ತನ್ನತ್ತ ಸೆಳೆಯುವ ವೇಗೋತ್ಕರ್ಷ ದೊರೆಯುತ್ತದೆ. ವಿದ್ಯಾರ್ಥಿಗಳು ಅದನ್ನು ಸಲಿಗೆಯಿಂದ 'ಜಿ' ಎನ್ನುತ್ತಾರೆ. 'ಅಡ್ಜಸ್ಟ್' ಮಾಡುವುದೆಂದರೆ ಈ ದಾರಿಯಲ್ಲಿ ಹಿಂದಕ್ಕೆ ನಡೆಯುವುದು: ಮೊದಲು ಉತ್ತರವನ್ನು ಬರೆದುಕೊಂಡು, ಆ ಉತ್ತರ ಬರಬೇಕಾದರೆ ಗಡಿಯಾರ ಎಷ್ಟು ತೋರಿಸಬೇಕಿತ್ತೋ ಅಷ್ಟನ್ನು ಗಡಿಯಾರದ ಬಾಯಲ್ಲಿ ಹೇಳಿಸುವುದು. ಅನುಮಾನ ಬಾರದಿರಲೆಂದು ಅಲ್ಲೊಂದು ಇಲ್ಲೊಂದು ಸಣ್ಣ ಏರುಪೇರನ್ನೂ ಸೇರಿಸುತ್ತಾರಂತೆ. ಅದನ್ನು ಕೇಳಿ ನನಗೆ ನಗು ಬಂತು. ಆಮೇಲೆ ಅಷ್ಟಾಗಿ ನಗು ಬರಲಿಲ್ಲ.

ವಿದ್ಯಾರ್ಥಿಗಳ ಪರವಾಗಿ ಹೇಳಬಹುದಾದದ್ದನ್ನೆಲ್ಲ ಮೊದಲು ಹೇಳಿಬಿಡುವುದು ನ್ಯಾಯ. ಅವರ ವಾದ ಮೂರು. ಮೊದಲನೆಯದು, ಈ ಉತ್ತರ ಮುನ್ನೂರು ವರ್ಷಗಳಿಂದ ಲೋಕಕ್ಕೆ ಗೊತ್ತಿರುವಂಥದು. ಜಯನಗರದ ಒಬ್ಬ ಹುಡುಗಿ ಅದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಎರಡನೆಯದು, ಉಪಕರಣಗಳು ಹಳೆಯವು. ಅವುಗಳ ತಪ್ಪಿಗೆ ತಾನೇಕೆ ಅಂಕ ಕಳೆದುಕೊಳ್ಳಬೇಕು? ಮೂರನೆಯದು, ಇದರಿಂದ ಯಾರಿಗೆ ಕೇಡು? ಸುಳ್ಳೆಂದರೆ ಅಸತ್ಯವನ್ನು ಸತ್ಯವೆಂದು ನಂಬಿಸುವುದು. ಇಲ್ಲಿಯಾದರೋ ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಸರಿಯಾದ ಉತ್ತರವೇ. ಸತ್ಯಕ್ಕೆ ಬಂದು ಸೇರುವ ಸುಳ್ಳನ್ನು ಸುಳ್ಳೆನ್ನುವುದು ಹೇಗೆ?

ಈ ಮೂರನೆಯ ವಾದವೇ ಬಿಗಿಯಾದದ್ದು. ಅದನ್ನು ಬಿಡಿಸಿ ನೋಡಬೇಕು. ನ್ಯಾಯಾಲಯದ ಕಟಕಟೆಯಲ್ಲಿ ನಿಂತ ಸಾಕ್ಷಿಯನ್ನು ಕಲ್ಪಿಸಿಕೊಳ್ಳೋಣ. ಅವನನ್ನು ಕೇಳುವುದು 'ಕೊಲೆಗಾರ ಯಾರು?' ಎಂದಲ್ಲ, 'ನೀನು ಏನನ್ನು ಕಂಡೆ?' ಎಂದು. ಆಪಾದಿತನೇ ಕೊಲೆಗಾರನೆಂದು ಅವನಿಗೆ ದೃಢವಾದ ನಂಬಿಕೆಯಿರಬಹುದು. ಆ ನಂಬಿಕೆ ನಿಜವೂ ಆಗಿರಬಹುದು. ಆದರೂ ಕಾಣದೆ ಇದ್ದದ್ದನ್ನು 'ಕಂಡೆ' ಎಂದನಾದರೆ ಅವನು ಸುಳ್ಳುಸಾಕ್ಷಿ. ತೀರ್ಪು ಸರಿಯಾದ ಮಾತ್ರಕ್ಕೆ ಅವನ ಮಾತು ನಿಜವಾಗುವುದಿಲ್ಲ. ರೆಕಾರ್ಡು ಪುಸ್ತಕವೂ ಇಂಥ ಒಂದು ಸಾಕ್ಷ್ಯ. ಭೂಮಿಯ ಸೆಳೆತ ಎಷ್ಟು ಎಂಬುದನ್ನು ಅದು ನಮಗೆ ತಿಳಿಸಬೇಕಾಗಿಲ್ಲ; ಅದಕ್ಕೆ ಬೇರೆ ಪುಸ್ತಕಗಳಿವೆ. ಇಂಥ ದಿನ, ಇಂಥ ಮೇಜಿನ ಬಳಿ, ಇಂಥವಳ ಕಣ್ಣಿಗೆ ಏನು ಕಂಡಿತು ಎಂಬುದನ್ನು ಹೇಳಬೇಕು. ಅದನ್ನು ಹೇಳಬಲ್ಲವಳು ಜಗತ್ತಿನಲ್ಲಿ ಅವಳೊಬ್ಬಳೇ. ಆ ಒಂದು ವಿಷಯದಲ್ಲಿ ಆ ಹುಡುಗಿಯ ಮಾತಿಗೆ ನ್ಯೂಟನ್ನನ ಮಾತಿಗಿಂತಲೂ ಹೆಚ್ಚಿನ ಅಧಿಕಾರವಿದೆ. ಆ ಅಧಿಕಾರವನ್ನು ಅವಳು ಅರ್ಧ ಅಂಕಕ್ಕೆ ಬಿಟ್ಟುಕೊಡುತ್ತಿದ್ದಾಳೆ.

ಕೇಡು ಯಾರಿಗೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರಿಗೆ ಈ ೯.೬೮ರ ವಿಚಾರ ತಿಳಿಸಿದೆ. ಅವರು ಕಾಗದದ ಚೂರಿನ ಮೇಲೆ ಎರಡು ಸಾಲು ಲೆಕ್ಕ ಹಾಕಿ, "ದಾರವನ್ನು ಗುಂಡಿನ ತಲೆಯವರೆಗೆ ಮಾತ್ರ ಅಳೆದಿರಬೇಕು" ಎಂದರು. ಲೋಲಕದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯಬೇಕಂತೆ. ಗುಂಡಿನ ಅರ್ಧವ್ಯಾಸ ಒಂದು ಸೆಂಟಿಮೀಟರು ಇದ್ದು ಅದನ್ನು ಮರೆತರೆ ನೂರು ಸೆಂಟಿಮೀಟರಿನ ಲೋಲಕ ತೊಂಬತ್ತೊಂಬತ್ತಾಗುತ್ತದೆ. ಉತ್ತರ ನೂರಕ್ಕೆ ಒಂದು ಪಾಲು ಇಳಿಯುತ್ತದೆ. ನೋಡಿ, ತಪ್ಪಿಗೂ ಒಂದು ವಿಳಾಸವಿತ್ತು. ಅದು ಬಾಗಿಲು ತಟ್ಟಿ ತನ್ನ ಹೆಸರು ಹೇಳುತ್ತಿತ್ತು. ಅಡ್ಜಸ್ಟ್ ಮಾಡಿದವರು ಅದನ್ನು ಹೊರಗಿನಿಂದಲೇ ಕಳುಹಿಸಿಬಿಟ್ಟರು. 'ನೀನು ಅಂದುಕೊಂಡಂತೆ ನಾನಿಲ್ಲ' ಎಂದು ಜಗತ್ತು ನಮ್ಮ ಮುಖದೆದುರಿಗೆ ಹೇಳುವ ಸ್ಥಳಗಳು ಬಹಳವಿಲ್ಲ. ಪುಸ್ತಕ ಹಾಗೆ ಹೇಳುವುದಿಲ್ಲ, ಉಪನ್ಯಾಸ ಹೇಳುವುದಿಲ್ಲ. ಪ್ರಯೋಗಶಾಲೆ ಹೇಳುತ್ತದೆ. ಅದಕ್ಕೇ ಅದನ್ನು ಕಟ್ಟಿಸಿರುವುದು.

ಮಿತ್ರರು ಇನ್ನೊಂದು ಮಾತು ಹೇಳಿದರು. ಅದು ನನ್ನನ್ನು ಬಹಳ ದಿನ ಕಾಡಿತು. "ಅಲ್ಲದೆ, ಬರಬೇಕಾದದ್ದು ೯.೮೧ ಅಲ್ಲವೇ ಅಲ್ಲ. ಬೆಂಗಳೂರಿನಲ್ಲಿ ಅದು ೯.೭೮" ಎಂದರು. ಭೂಮಿ ಪೂರ್ಣ ಗೋಳವಲ್ಲ. ನಡುವಿನಲ್ಲಿ ಉಬ್ಬಿದೆ, ತನ್ನ ಸುತ್ತ ತಾನು ತಿರುಗುತ್ತಲೂ ಇದೆ. ಆದ್ದರಿಂದ ಸಮಭಾಜಕದ ಹತ್ತಿರ ಸೆಳೆತ ಕೊಂಚ ಕಡಿಮೆ, ಧ್ರುವಗಳ ಕಡೆಗೆ ಕೊಂಚ ಹೆಚ್ಚು. ನಾವಿರುವುದು ಸಮಭಾಜಕದಿಂದ ಹದಿಮೂರು ಡಿಗ್ರಿಯಷ್ಟೇ ಉತ್ತರಕ್ಕೆ. ಅದರ ಮೇಲೆ ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರು ಎತ್ತರದಲ್ಲಿ. ೯.೮೧ ಎಂಬುದು ಲಂಡನ್ನಿನ ಬೆಲೆ. ಆ ಕಡೆಯ ಪುಸ್ತಕಗಳಿಂದ ನಮ್ಮ ಪುಸ್ತಕಗಳಿಗೆ ಬಂದು, ನಮ್ಮ ಮಕ್ಕಳ ಬಾಯಲ್ಲಿ 'ಬರಬೇಕಾದ ಉತ್ತರ'ವಾಗಿ ಕುಳಿತಿದೆ. ತನ್ನ ಊರಿನ ನೆಲ ತನ್ನ ಕೈಗೆ ಕೊಟ್ಟ ಅಂಕಿಯನ್ನು ಅಳಿಸಿ, ತಾನು ಕಾಣದ ಊರಿನ ಅಂಕಿಯನ್ನು ಬರೆದುಕೊಂಡು, 'ಈಗ ಸರಿಯಾಯಿತು' ಎಂದು ನಿಟ್ಟುಸಿರು ಬಿಡುವುದು! ಇದು ಲೋಲಕದ ಪ್ರಯೋಗದಲ್ಲಿ ಮಾತ್ರ ನಡೆಯುವ ಸಂಗತಿಯೆ ಎಂದು ಸಾಹಿತ್ಯದ ಮೇಷ್ಟರಾದ ನಾವು ಕೂಡ ಯೋಚಿಸಬಹುದು.

ಈ ವ್ಯತ್ಯಾಸವನ್ನು ಲೋಕ ತಿಳಿದ ಬಗೆಯನ್ನು ನೆನೆಯಬೇಕು. ೧೬೭೨ರಲ್ಲಿ ಜಾನ್ ರಿಶೇ ಎಂಬ ಫ್ರೆಂಚ್ ಖಗೋಳಜ್ಞ ಪ್ಯಾರಿಸಿನಿಂದ ದಕ್ಷಿಣ ಅಮೆರಿಕೆಯ ಕಯೆನ್ ಎಂಬಲ್ಲಿಗೆ ಹೋದ. ಅದು ಸಮಭಾಜಕಕ್ಕೆ ಹತ್ತಿರದ ಊರು. ಪ್ಯಾರಿಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಪ್ರಯಾಣದಲ್ಲಿ ಗಡಿಯಾರ ಕೆಟ್ಟಿತೆಂದೋ ಸೆಖೆಗೆ ಕಂಬಿ ಹಿಗ್ಗಿತೆಂದೋ ಹೇಳಿ ಅವನು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ, ತಿಂಗಳುಗಟ್ಟಲೆ ಮತ್ತೆ ಮತ್ತೆ ಅಳೆದು, ಬಂದದ್ದನ್ನು ಬಂದಂತೆ ಬರೆದ. ಪ್ಯಾರಿಸಿನಲ್ಲಿ ಅದನ್ನು ಸಂಶಯಪಟ್ಟವರಿದ್ದರು. ೧೬೮೭ರಲ್ಲಿ ನ್ಯೂಟನ್ ತನ್ನ ಮಹಾಗ್ರಂಥದಲ್ಲಿ ಆ ಎರಡೂವರೆ ನಿಮಿಷವನ್ನು ಕೈಗೆತ್ತಿಕೊಂಡು, ಭೂಮಿ ನಡುವಿನಲ್ಲಿ ಉಬ್ಬಿದೆ ಎಂಬ ವಾದಕ್ಕೆ ಆಧಾರವಾಗಿಟ್ಟ. ರಿಶೇ ತನ್ನ ಅಂಕಿಗಳನ್ನು ಪ್ಯಾರಿಸಿಗೆ ಅಡ್ಜಸ್ಟ್ ಮಾಡಿದ್ದರೆ ಭೂಮಿಯೇನೋ ಉಬ್ಬಿಯೇ ಇರುತ್ತಿತ್ತು. ನಮಗೆ ತಿಳಿಯುವುದು ತಡವಾಗುತ್ತಿತ್ತು.

ಇಷ್ಟರಿಂದ, ಕೈಗೆ ಬಂದ ಅಂಕಿಯೆಲ್ಲ ಸತ್ಯ, ಪುಸ್ತಕದ್ದೆಲ್ಲ ಸುಳ್ಳು ಎಂದು ತೀರ್ಮಾನಿಸಿದರೆ ಅದು ಇನ್ನೊಂದು ಬಗೆಯ ಸೋಮಾರಿತನ. ಬಂದದ್ದನ್ನು ಬರೆಯಬೇಕು, ಬರೆದದ್ದನ್ನು ಸಂದೇಹಿಸಲೂ ಬೇಕು. ಈ ಎರಡನೆಯ ಕೆಲಸಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. ೧೯೨೩ರಲ್ಲಿ ಸಿ.ವಿ. ರಾಮನ್ನರ ಶಿಷ್ಯ ಕೆ.ಆರ್. ರಾಮನಾಥನ್, ದ್ರವಗಳು ಬೆಳಕನ್ನು ಚೆದುರಿಸುವುದನ್ನು ಪರೀಕ್ಷಿಸುತ್ತಿದ್ದಾಗ ಬರಬಾರದ ಒಂದು ಮಂಕು ಬೆಳಕನ್ನು ಕಂಡರು. ದ್ರವದಲ್ಲಿನ ಕಲ್ಮಷದಿಂದ ಹೀಗಾಗಿರಬಹುದೆಂಬ ಸಂದೇಹ ಬಂತು. ದ್ರವವನ್ನು ಮತ್ತೆ ಮತ್ತೆ ಶುದ್ಧಿಮಾಡಿ ನೋಡಿದರು, ಬೆಳಕು ಹೋಗಲಿಲ್ಲ. ಹೋಗದ ಆ ಮಂಕು ಬೆಳಕಿನ ಬೆನ್ನು ಹತ್ತಿದ್ದೇ ೧೯೨೮ರ ಫೆಬ್ರವರಿ ೨೮ರ ಶೋಧಕ್ಕೆ ಕಾರಣವಾಯಿತು. ಅದೇ ಮಾರ್ಚ್ ೧೬ರಂದು ರಾಮನ್ನರು ಅದನ್ನು ಕುರಿತು ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಇಲ್ಲಿ ಗಮನಿಸಬೇಕಾದದ್ದು, ಬರಬಾರದ್ದು ಬಂದಾಗ ಅವರು ಬರೆದದ್ದನ್ನು ತಿದ್ದಲಿಲ್ಲ, ದ್ರವವನ್ನು ಶುದ್ಧಿಮಾಡಿದರು.

ಭೌತಶಾಸ್ತ್ರದವರಲ್ಲಿ ನನಗೆ ಮೆಚ್ಚುಗೆಯಾದ ಇನ್ನೊಂದು ಶಿಷ್ಟಾಚಾರವಿದೆ. ಉತ್ತರವನ್ನು ಬರೆದ ಮೇಲೆ ಅದರ ಪಕ್ಕದಲ್ಲಿ ಕೂಡುವ ಚಿಹ್ನೆ, ಅದರ ಕೆಳಗೆ ಕಳೆಯುವ ಚಿಹ್ನೆ ಹಾಕಿ ಒಂದು ಸಣ್ಣ ಅಂಕಿ ಬರೆಯುತ್ತಾರೆ. 'ನಾನು ಕಂಡದ್ದು ಇಷ್ಟು. ಇದಕ್ಕಿಂತ ಇಷ್ಟು ಹೆಚ್ಚೋ ಕಡಿಮೆಯೋ ಇರಬಹುದು' ಎಂದು ಅದರ ಅರ್ಥ. ಮೀಟರು ಉದ್ದದ ಲೋಲಕ ಇಪ್ಪತ್ತು ಸಲ ಆಡುವಾಗ ಬೆಂಗಳೂರಿನ ಸೆಳೆತಕ್ಕೂ ಲಂಡನ್ನಿನ ಸೆಳೆತಕ್ಕೂ ಬೀಳುವ ಅಂತರ ಒಂದು ಸೆಕೆಂಡಿನ ನೂರರಲ್ಲಿ ಆರು ಪಾಲು. ಸ್ಟಾಪ್‌ವಾಚಿನ ಗುಂಡಿ ಒತ್ತುವ ಹೆಬ್ಬೆರಳೇ ಅದಕ್ಕಿಂತ ಹೆಚ್ಚು ತಡಮಾಡುತ್ತದೆ. ಹಾಗಾದರೆ ಪ್ರಾಮಾಣಿಕಳಾದ ವಿದ್ಯಾರ್ಥಿನಿ ಬರೆಯಬೇಕಾದದ್ದು 'ಇಷ್ಟು ಎಣಿಸಿ ಈ ಎರಡು ಊರುಗಳ ಭೇದವನ್ನು ನಾನು ಹೇಳಲಾರೆ' ಎಂದು. ಇನ್ನೂರು ಸಲ ಎಣಿಸುವ ತಾಳ್ಮೆಯಿದ್ದರೆ ಅಂತರ ಅರ್ಧ ಸೆಕೆಂಡನ್ನು ದಾಟುತ್ತದೆ, ಆಗ ಮಾತನಾಡಬಹುದು. 'ಹೇಳಲಾರೆ' ಎಂಬುದೂ ಒಂದು ಫಲಿತಾಂಶವೇ. ದಿನಬೆಳಗಾದರೆ ಎಲ್ಲದರ ಮೇಲೂ ಅಭಿಪ್ರಾಯ ಕೊಡುವ ನಾವು ನಮ್ಮ ಮಾತಿನ ಪಕ್ಕದಲ್ಲಿ ಆ ಚಿಹ್ನೆಯನ್ನು ಹಾಕುವ ಅಭ್ಯಾಸವಿಟ್ಟುಕೊಂಡಿದ್ದರೆ ಎಷ್ಟು ಜಗಳಗಳು ಉಳಿಯುತ್ತಿದ್ದವು!

ಇದು ವಿಜ್ಞಾನದವರ ಮಾತೆಂದು ನಮ್ಮವರು ದೂರ ನಿಲ್ಲಬೇಕಾಗಿಲ್ಲ. ಕನ್ನಡ ಎಂ.ಎ.ಯಲ್ಲಿ ಗ್ರಂಥಸಂಪಾದನೆಯನ್ನು ಓದಿದವರಿಗೆ ಈ ನೀತಿ ಹಳೆಯ ಪರಿಚಯ. ಓಲೆಗರಿಯಲ್ಲಿ ಅರ್ಥವಾಗದ ಒಂದು ಮಾತು ಬಂದರೆ, 'ಕವಿ ಹೀಗೆ ಬರೆದಿರಲಾರ' ಎಂದು ತನಗೆ ಒಪ್ಪುವ ಮಾತನ್ನು ಹಾಕಿಬಿಡುವ ಲಿಪಿಕಾರನೇ ಪಠ್ಯವನ್ನು ಕೆಡಿಸುವವನು. ಒಳ್ಳೆಯ ಸಂಪಾದಕ ಗರಿಯಲ್ಲಿ ಏನಿದೆಯೆಂಬುದನ್ನು ತಿಳಿಸುತ್ತಾನೆ. ತನ್ನ ಊಹೆಯನ್ನು ಊಹೆಯೆಂದೇ ಹೆಸರಿಸಿ ಬೇರೆ ಇಡುತ್ತಾನೆ. ಸುಲಭವಾದ ಪಾಠಕ್ಕಿಂತ ಕ್ಲಿಷ್ಟವಾದ ಪಾಠವೇ ಮೂಲದ್ದಾಗಿರಬಹುದು ಎಂಬುದು ನಮ್ಮ ಶಾಸ್ತ್ರದ ಒಂದು ಸೂತ್ರ. ಈ ಎರಡು ಶಿಸ್ತುಗಳೂ ಒಬ್ಬರಲ್ಲೇ ಕೂಡಿದ್ದ ಕಾಲವೂ ಇತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅವರೇ ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟರು. ಭೌತಶಾಸ್ತ್ರದ ಮೇಷ್ಟರು ಪಂಪನ ಹತ್ತಿರ ಹೋದದ್ದು ವಿಚಿತ್ರವೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಲೋಲಕದ ಮುಂದೆಯೂ ಓಲೆಗರಿಯ ಮುಂದೆಯೂ ಬೇಕಾದದ್ದು ಒಂದೇ ಗುಣ: ಇರುವುದನ್ನು ಇರುವಂತೆ ಓದುವ ಸಂಯಮ.

ದೊಡ್ಡವರೂ ಜಾರಿಲ್ಲವೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಎಲೆಕ್ಟ್ರಾನಿನ ವಿದ್ಯುದಂಶವನ್ನು ಎಣ್ಣೆಯ ಹನಿಗಳ ಮೂಲಕ ಅಳೆದ ಮಿಲಿಕನ್ನನ ಪ್ರಯೋಗವನ್ನು ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿಗಳೂ ಓದುತ್ತಾರೆ. ೧೯೧೩ರ ಲೇಖನದಲ್ಲಿ ಅವನು ೫೮ ಹನಿಗಳ ಅಳತೆ ಕೊಟ್ಟು, ಇವು ಆರಿಸಿಕೊಂಡವಲ್ಲ, ನೋಡಿದವೆಲ್ಲವೂ ಇವೇ ಎಂದು ಹೇಳಿದ. ಅವನ ಕಾಲದ ನಂತರ ಟಿಪ್ಪಣಿ ಪುಸ್ತಕಗಳನ್ನು ತೆರೆದು ನೋಡಿದವರಿಗೆ ಹನಿಗಳು ಅದಕ್ಕಿಂತ ಹೆಚ್ಚಿದ್ದುದು ಕಂಡಿತು. ಬಿಟ್ಟ ಹನಿಗಳಲ್ಲಿ ಹಲವನ್ನು ಬಿಡಲು ಅವನಿಗೆ ಕಾರಣಗಳಿದ್ದವು. ಬಿಟ್ಟದ್ದರಿಂದ ಫಲಿತಾಂಶವೇನೂ ಬುಡಮೇಲಾಗಲಿಲ್ಲ. ಕೆಟ್ಟ ಅಳತೆಯನ್ನು ಕಾರಣ ಹೇಳಿ ಬಿಡುವುದು ವಿವೇಕ. ಬಿಟ್ಟು, ಬಿಟ್ಟಿಲ್ಲವೆನ್ನುವುದು ಬೇರೆ. ನೊಬೆಲ್ ಬಹುಮಾನ ಪಡೆದ ಆ ಕೆಲಸದ ಮೇಲೆ ಇಂದಿಗೂ ಉಳಿದಿರುವ ಕರೆ ಆ ಒಂದು ವಾಕ್ಯದ್ದು, ಹನಿಗಳದ್ದಲ್ಲ. ಇನ್ನೂ ಒಂದು ಸಂಗತಿಯಿದೆ. ಗಾಳಿಯ ಸ್ನಿಗ್ಧತೆಯ ಬೆಲೆ ತಪ್ಪಾಗಿದ್ದುದರಿಂದ ಮಿಲಿಕನ್ನನ ಉತ್ತರ ಕೊಂಚ ಕಡಿಮೆಯಿತ್ತು. ಅನಂತರ ಅಳೆದವರು ಸರಿಯಾದ ಬೆಲೆಗೆ ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಏರಿದರು ಎಂದು ಫೈನ್‌ಮನ್ ೧೯೭೪ರ ಒಂದು ಭಾಷಣದಲ್ಲಿ ತೋರಿಸಿಕೊಟ್ಟ. ಮಿಲಿಕನ್ನನ ಬೆಲೆಗಿಂತ ದೂರ ಹೋದ ಅಂಕಿ ಬಂದಾಗ ಅವರು ತಪ್ಪನ್ನು ಹುಡುಕಿದರು. ಹತ್ತಿರದ ಅಂಕಿ ಬಂದಾಗ ಹುಡುಕಲಿಲ್ಲ. ಅಂದರೆ, ಬರಬೇಕಾದ ಉತ್ತರದ ಭಯ ಜಯನಗರದ ಕಾರಿಡಾರಿನಲ್ಲಿ ಮಾತ್ರ ಇಲ್ಲ.

ಆ ಭಯವನ್ನು ಹುಟ್ಟಿಸಿದವರು ಯಾರು? ಮಕ್ಕಳಲ್ಲ. ಉತ್ತರ ಎಷ್ಟು ಹತ್ತಿರ ಬಂದಿದೆಯೋ ಅಷ್ಟು ಅಂಕ ಎಂಬ ಕ್ರಮ ನಡೆಯುವ ಕಡೆಯೆಲ್ಲ ಪ್ರಾಮಾಣಿಕತೆಗೆ ದಂಡವಿದೆ. ೯.೬೮ ಬರೆದು, 'ಗುಂಡಿನ ಅರ್ಧವ್ಯಾಸ ಸೇರಿಸಲು ಮರೆತೆ' ಎಂದು ಕೆಳಗೆ ಬರೆದವಳಿಗೆ ೯.೮೧ ಬರೆದವಳಿಗಿಂತ ಹೆಚ್ಚು ಅಂಕ ಕೊಡುವ ಧೈರ್ಯ ಪರೀಕ್ಷಕರಿಗೆ ಬರಬೇಕು. ಕನ್ನಡದ ಉತ್ತರಪತ್ರಿಕೆಗಳಲ್ಲೂ ಇದೇ ವ್ಯಾಧಿಯಿದೆ. 'ಈ ಕವಿತೆ ನಿಮಗೇಕೆ ಮೆಚ್ಚುಗೆಯಾಯಿತು?' ಎಂದರೆ ನೂರು ಜನಕ್ಕೂ ಗೈಡಿನಲ್ಲಿರುವ ಒಂದೇ ಕಾರಣಕ್ಕೆ ಮೆಚ್ಚುಗೆಯಾಗಿರುತ್ತದೆ. ಬರಬೇಕಾದ ಅಭಿಪ್ರಾಯ ಬಂದಿರುತ್ತದೆ. ಬಂದ ಅಭಿಪ್ರಾಯ ರಫ್ ಪುಸ್ತಕದಲ್ಲೂ ಉಳಿದಿರುವುದಿಲ್ಲ.

ದಕ್ಷಿಣ ಬೆಂಗಳೂರಿನವರಿಗೆ ಎಚ್. ನರಸಿಂಹಯ್ಯನವರನ್ನು ನೆನಪಿಸಬೇಕಾಗಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು; ೧೯೬೨ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು; ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದವರು. ಬರಿಗಾಳಿಯಿಂದ ವಸ್ತುವನ್ನು ತೆಗೆಯುತ್ತೇನೆಂಬುವರನ್ನು 'ತೋರಿಸಿ' ಎಂದು ಕೇಳಿದ ಧೈರ್ಯ ಅವರದು. ಬರಿಗಾಳಿಯಿಂದ ರೀಡಿಂಗ್ ತೆಗೆಯುವ ಪವಾಡವಾದರೋ ನಮ್ಮ ಮನೆಯ ಮಕ್ಕಳೇ ಮಾಡುವಂಥದು. ಅದನ್ನು ಪರೀಕ್ಷಿಸಲು ಸಮಿತಿ ಬೇಡ. ಮನೆಯವರೂ ಮೇಷ್ಟರೂ 'ರಫ್ ಪುಸ್ತಕ ತೋರಿಸು' ಎಂದರೆ ಸಾಕು.

'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂಬುದು ನಮ್ಮ ಊರಿನ ಮುದ್ದಿನ ಮಾತು. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಮೂರನೆಯವರಿಗೆ ಜಾಗ ಕೊಡುವಾಗ ಅದು ಸದ್ಗುಣವೇ. ಆ ಮಾತಿಲ್ಲದಿದ್ದರೆ ಇಷ್ಟು ಜನ ಇಷ್ಟು ಕಡಿಮೆ ಜಾಗದಲ್ಲಿ ಬಾಳುತ್ತಿರಲಿಲ್ಲ. ಹಾಗಾದರೆ ಅಲ್ಲಿ ಗುಣವಾದದ್ದು ಇಲ್ಲಿ ದೋಷವಾಗುವುದು ಹೇಗೆ? ಬಸ್ಸಿನಲ್ಲಿ ನಾವು ಬಿಟ್ಟುಕೊಡುವುದು ನಮ್ಮದಾದ ಒಂದು ಗೇಣು ಜಾಗ. ಕೊಡುವ ಹಕ್ಕು ನಮಗಿದೆ. ಕಂಡ ಸಂಗತಿಯಾದರೋ ನಮ್ಮ ಆಸ್ತಿಯಲ್ಲ. ನಮ್ಮ ಬಳಿ ಇಟ್ಟ ನ್ಯಾಸ. ಅದರಲ್ಲಿ ಒಂದು ಗೇಣನ್ನೂ ಯಾರಿಗೂ ಬಿಟ್ಟುಕೊಡುವ ಅಧಿಕಾರ ನಮಗಿಲ್ಲ. ಸರಿಯಾದ ಉತ್ತರಕ್ಕೂ ಇಲ್ಲ.

ಈ ವಿದ್ಯಾರ್ಥಿಗಳಲ್ಲಿ ಭೌತವಿಜ್ಞಾನಿಗಳಾಗುವವರು ಕೆಲವರೇ. ಉಳಿದವರು ಬ್ಯಾಂಕಿಗೆ, ಶಾಲೆಗೆ, ಸಾಫ್ಟ್‌ವೇರಿಗೆ, ಸರ್ಕಾರಿ ಕಚೇರಿಗೆ ಹೋಗುತ್ತಾರೆ. ಲೋಲಕದ ಸೂತ್ರ ಐದು ವರ್ಷದಲ್ಲಿ ಮರೆತುಹೋಗುತ್ತದೆ. ಮರೆಯದೆ ಉಳಿಯುವುದು ಕೈಯ ಅಭ್ಯಾಸ. ಕುಡಿಯುವ ನೀರಿನ ಪರೀಕ್ಷೆಯ ಕಾಗದದ ಮೇಲೆ, ಮೋರಿಯ ಕಾಮಗಾರಿ ಮುಗಿದಿದೆಯೆಂಬ ಪತ್ರದ ಮೇಲೆ, ಆಸ್ಪತ್ರೆಯ ಮಂಚದ ತಲೆದೆಸೆಯಲ್ಲಿ ತೂಗುವ ಚೀಟಿಯ ಮೇಲೆ, ಎಲ್ಲೋ ಒಂದು ಕಡೆ ಯಾರೋ ಒಬ್ಬರು ಒಂದು ಅಂಕಿ ಬರೆದು ಸಹಿ ಹಾಕುತ್ತಾರೆ. ಅವರು ಬರೆದದ್ದು ಬಂದ ಅಂಕಿಯೋ, ಬರಬೇಕಾದ ಅಂಕಿಯೋ ಎಂಬುದರ ಮೇಲೆ ನಮ್ಮ ನಿಮ್ಮ ಮಕ್ಕಳ ಕ್ಷೇಮ ನಿಂತಿದೆ. ಭೌತಶಾಸ್ತ್ರದ ಪದವಿಯಿಂದ ಏನು ಸಿಗುತ್ತದೆ ಎಂದು ನೆರೆಯವರು ಇನ್ನು ಮುಂದೆ ಕೇಳಿದರೆ, ಸಿಗಬಹುದಾದದ್ದು ಇದು ಎಂದು ಹೇಳಬಹುದು. ಸಿಗುವಂತೆ ಮಾಡುವುದು, 'ಎಷ್ಟು ಅಂಕ ಬಂತು?' ಎಂದು ಕೇಳುವ ಮುಂಚೆ 'ನಿನಗೆ ಎಷ್ಟು ಬಂತು?' ಎಂದು ಕೇಳಬಲ್ಲ ಹಿರಿಯರ ಕೆಲಸ.